ಗಾಳಿಯ ವಿದ್ಯೆ ಕಲಿಯಹೊರಟವಳು

"ಗುರುಗಳೇ, ನಾನು ಹವಾಮಾನಶಾಸ್ತ್ರ ಓದಬೇಕೆಂದಿದ್ದೇನೆ. ಎರಡು ಕಾಲೇಜುಗಳಲ್ಲಿ ಸೀಟು ಸಿಗುತ್ತದೆ. ಒಂದಕ್ಕೆ ದೊಡ್ಡ ಹೆಸರಿದೆ, ಇನ್ನೊಂದರ ಹೆಸರನ್ನು ನಮ್ಮ ಕಡೆ ಯಾರೂ ಕೇಳಿಲ್ಲ. ಯಾವುದನ್ನು ಆರಿಸಲಿ?" ಎಂದು ಶಿಷ್ಯೆ ನೀಲಾಂಬಿಕೆ ಕೇಳಿದಳು.

ಗುರುಗಳು ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಒಮ್ಮೆ ಅವನ ತಮ್ಮ ಹಡಗು ಹತ್ತಿ ಹೋದವನು ಬಿರುಗಾಳಿಗೆ ಸಿಕ್ಕಿ ಮರಳಿ ಬರಲಿಲ್ಲ. ಹೊರಡುವ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಚಿಕ್ಕಪ್ಪನನ್ನು ನಗುನಗುತ್ತ ಕಳಿಸಿಕೊಟ್ಟವಳು ಆ ಮಗಳೇ. ಅಂದಿನಿಂದ ಅವಳಿಗೆ ಒಂದೇ ಹಟ, ಗಾಳಿ ಮಳೆಯ ವಿದ್ಯೆ ಕಲಿಯಬೇಕು. ತಂದೆ ಅಡ್ಡಿ ಮಾಡಲಿಲ್ಲ.

ಆ ವಿದ್ಯೆ ಕಲಿಸುವ ಶಾಲೆಗಳು ನಾಡಿನಲ್ಲಿ ಎರಡೇ ಇದ್ದವು. ಅವಳು ಮೊದಲು ಹೆಸರಾಂತ ಶಾಲೆಗೆ ಹೋದಳು. ಅಲ್ಲಿ ಕಲಿತವರೆಲ್ಲ ಅರಮನೆಯ ಕೆಲಸದಲ್ಲಿದ್ದರು. "ನೀವು ಹೇಳಿದ್ದು ತಪ್ಪಿದರೆ ಏನು ಮಾಡುತ್ತೀರಿ?" ಎಂದು ಅಲ್ಲಿನ ಆಚಾರ್ಯರನ್ನು ಕೇಳಿದಳು. ಅವರು ನಕ್ಕು, "ಇಲ್ಲಿ ಹೇಳಿದ್ದು ತಪ್ಪುವುದಿಲ್ಲ" ಎಂದರು.

ಎರಡನೆಯ ಶಾಲೆ ಸಮುದ್ರದ ದಂಡೆಯಲ್ಲಿತ್ತು. ಅವಳು ಹೋದಾಗ ಮಳೆ ಸುರಿಯುತ್ತಿತ್ತು. ಆಚಾರ್ಯರೂ ವಿದ್ಯಾರ್ಥಿಗಳೂ ತೊಯ್ದ ಬಟ್ಟೆಯಲ್ಲೇ ಕುಳಿತು ವಾದ ಮಾಡುತ್ತಿದ್ದರು. ಇಂದು ಮಳೆ ಬಾರದೆಂದು ಆಚಾರ್ಯರು ನಿನ್ನೆ ಊರಿಗೆಲ್ಲ ಹೇಳಿದ್ದರಂತೆ. ಆ ಮಾತು ನಂಬಿ ಜನ ಒಣಹಾಕಿದ್ದ ಮೀನೆಲ್ಲ ಹಾಳಾಗಿತ್ತು.

ಅವಳು ಅದೇ ಪ್ರಶ್ನೆಯನ್ನು ಕೇಳಿದಳು.

"ನೋಡುತ್ತಿದ್ದೀಯಲ್ಲ. ಎಲ್ಲಿ ತಪ್ಪಿದೆವೆಂದು ತಿಳಿಯುವ ತನಕ ಇಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ" ಎಂದರು ಆಚಾರ್ಯರು. "ನಿನಗೆ ಗಣಿತ ಬರುತ್ತದೆಯೆ?"

"ಅಂಗಡಿ ಲೆಕ್ಕದಷ್ಟು ಬರುತ್ತದೆ."

"ಅದು ಸಾಲದು. ಚೆನ್ನಾಗಿ ಕಲಿತು ಬಾ, ಜಾಗ ಇಟ್ಟಿರುತ್ತೇನೆ."

ಅವಳಿಗೆ ಬೇಸರವಾಗಲಿಲ್ಲ. ತನಗೆ ಬಾರದ್ದನ್ನು ಮುಖಕ್ಕೇ ಹೇಳಿದವರು ಇವರೊಬ್ಬರೇ ಎಂದುಕೊಂಡಳು. ಊರಿಗೆ ಮರಳಿ ವರ್ಷವಿಡೀ ಗಣಿತದ ಬೆನ್ನುಹತ್ತಿದಳು. ಮರುವರ್ಷ ಹೋಗಿ ಆ ಶಾಲೆ ಸೇರಿದಳು.

ಓದು ಮುಗಿಸಿ ಬಂದ ಮೇಲೆ ಒಂದು ದಿನ ಬಂದರಿನಲ್ಲಿ ನಿಂತು, "ನಾಳೆ ಹಡಗು ಬಿಡಬೇಡಿ" ಎಂದಳು. ಜನ ಹಡಗುಗಳನ್ನು ದಡದಲ್ಲೇ ನಿಲ್ಲಿಸಿದರು. ಬಿರುಗಾಳಿ ಬರಲಿಲ್ಲ. ಒಂದು ದಿನದ ವ್ಯಾಪಾರ ಹೋಯಿತೆಂದು ಎಲ್ಲರೂ ಗೊಣಗಿದರು. ಅವಳು ಮನೆಯಲ್ಲಿ ಅಡಗಿ ಕೂರಲಿಲ್ಲ. ಗಾಳಿ ಎಲ್ಲಿ ತಿರುಗಿತು, ತಾನು ಅದನ್ನು ಹೇಗೆ ಕಾಣದೆಹೋದೆ ಎಂಬುದನ್ನು ನಾವಿಕರ ಎದುರು ನಿಂತು ಬಿಡಿಸಿ ಹೇಳಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಹಡಗು ಬಿಡುವುದು ಬೇಡವೆಂದಳು. ಕಡಲು ಕೊಳದಂತೆ ಶಾಂತವಾಗಿತ್ತು. ಆದರೂ ಒಬ್ಬ ನಾವಿಕನೂ ಲಂಗರು ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಸಮುದ್ರ ಎದ್ದುಬಂದು ಬಂದರಿನ ಕಟ್ಟೆಯನ್ನೇ ಒಡೆಯಿತು. ಆ ರಾತ್ರಿ ಊರಿನ ಗಂಡಸರೆಲ್ಲ ತಮ್ಮ ತಮ್ಮ ಮನೆಯಲ್ಲಿ ಉಂಡು ಮಲಗಿದರು.

ಗುರುಗಳು ಮಾತು ನಿಲ್ಲಿಸಿದರು. ನೀಲಾಂಬಿಕೆಯ ಮುಖ ಅರಳಿತು.

"ತಿಳಿಯಿತು ಗುರುಗಳೇ. ನನಗೆ ಸೀಟು ಸಿಗುವ ಎರಡು ಕಾಲೇಜುಗಳಲ್ಲಿ ಆ ದಂಡೆಯ ಶಾಲೆಯಂಥದ್ದು ಯಾವುದು? ಅದನ್ನೂ ಹೇಳಿಬಿಡಿ."

"ಅವಳು ಎರಡೂ ಶಾಲೆಗಳ ಬಾಗಿಲ ತನಕ ಹೋಗಿ ಕೇಳಿದಳು, ತಾಯಿ, ನೀನು ನನ್ನೆದುರು ಕುಳಿತು ಕೇಳುತ್ತಿದ್ದೀಯ."