ಬಲೆಯ ಪಾಲು

ದುರ್ಗಿ ಅಂತ ಒಬ್ಬಳಿದ್ದಳಂತೆ ಕೂಸೇ, ಕಡಲು ಯಾರದ್ದು ಅಂತ ಯಾರೂ ಕೇಳದ ಕಾಲದಲ್ಲಿ. ಅವಳಿಗೊಂದು ಅಭ್ಯಾಸ. ಮೀನು ಹಿಡಿದು ಬಂದವಳು ತಲೆ ಮೇಲಿನ ಬುಟ್ಟಿ ಇಳಿಸೋಕೆ ಮೊದಲು ಅಳಿವೆಯ ಕೆಸರಲ್ಲಿ ಉಪ್ಪುನೀರಲ್ಲೇ ಬೆಳೆಯೋ ಕಾಂಡ್ಲಾ ಗಿಡದ ಒಂದು ಮೊಳಕೆಕೋಡು ಊರಿಯೇ ಬರ್ತಿದ್ದಳಂತೆ. ಆ ಕಾಂಡ್ಲಾ ಬೇರಿನ ಸಂದಿಯಲ್ಲೇ ಮೀನು ಮರಿ ಮಾಡೋದು, ತೂಫಾನು ಬಂದರೆ ತೆರೆ ಮುರಿಯೋದೂ ಅಲ್ಲೇ. ಅದರ ಹಿಂದೆ ದುರ್ಗಿಯ ಕೇರಿ.

ಆಮೇಲೆ ಮೂರು ದಿಕ್ಕಿಂದ ಮೂವರು ರಾಜರ ಹಡಗು ಬಂದವಂತೆ, ಮೀನು ಬಾಚಿದವಂತೆ, ಒಲೆಗೆ ಅಂತ ಕಾಂಡ್ಲಾ ಕಡಿದವಂತೆ. ಕಾಡು ಬೋಳಾಗಿ, ಮೀನು ಕಮ್ಮಿಯಾಗಿ, ಅಮಾವಾಸ್ಯೆಯ ಉಬ್ಬರದ ನೀರು ದುರ್ಗಿಯ ಹೊಸಿಲಿಗೇ ಬಂತಂತೆ. ಇನ್ನು ಬಿಡಬಾರದು ಅಂತ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ರಾಜರ ಹತ್ತಿರ ಹೊರಟಳು. ತಗೊಂಡಷ್ಟಕ್ಕೆ ತಕ್ಕ ಹಾಗೆ ಒಂದು ಪಾಲು ಕೊಡಿ, ಕಾಡು ನೆಡೋರಿಗೆ, ಕಾಯೋರಿಗೆ ಆಗ್ತದೆ ಅಂತ ಕೇಳಿದಳಂತೆ. ದೊಡ್ಡ ರಾಜ, ಕಡಲೇನು ನಿಮ್ಮಪ್ಪಂದಾ ಅಂತ ನಕ್ಕನಂತೆ. ನಡುವಿನವನು, ಅವನು ಕೊಡಲಿ, ಮರುದಿನವೇ ನಾನೂ ಕೊಡ್ತೇನೆ ಅಂದನಂತೆ. ಚಿಕ್ಕವನು, ಅಕ್ಕಾ, ಅವರು ಉಂಡು ತೇಗಿದರು, ನಾನು ಈಗಷ್ಟೇ ಎಲೆ ಮುಂದೆ ಕೂತವನು ಅಂದನಂತೆ.

ದುರ್ಗಿ ಅಳಲಿಲ್ಲ, ಬೈಯಲಿಲ್ಲ. ಮೂವರನ್ನೂ, ಅವರ ಅಂಬಿಗರನ್ನೂ ರಂಪಣಿ ಎಳೆಯೋಕೆ ಕರೆದಳಂತೆ. ರಂಪಣಿ ಅಂದ್ರೆ ಊರಿಗೂರೇ ದಡದಲ್ಲಿ ನಿಂತು ಎಳೆಯೋ ಉದ್ದದ ಬಲೆ. ಎಳೆದರು, ಆಮೇಲೆ ಅವಳು ಎಳೆದ ಕೈಗೊಂದು ಪಾಲು ಅಂತ ಮೀನೆಲ್ಲ ಹಂಚಿಬಿಟ್ಟಳಂತೆ. ತಕ್ಷಣ ರಾಜರ ಅಂಬಿಗರೇ ಕೂಗಿದರು: ಏ ದುರ್ಗಕ್ಕಾ, ಬಲೆಯ ಪಾಲು ಎತ್ತಿಡೋದನ್ನೇ ಮರೆತ್ಯಲ್ಲೇ! ನಾಳೆ ಹರಿದರೆ ನೂಲು ಎಲ್ಲಿಂದ ತರ್ತೀಯೆ, ನಿನ್ನ ಜಡೆ ಬಿಚ್ಚಿ ಹೆಣೀತೀಯಾ?

ಕಡಲೂ ನಾವೆಲ್ಲ ಎಳೆಯೋ ಬಲೆಯೇ ಅಲ್ವಾ, ಹರಿದು ನಿಂತಿದೆ, ಅದರ ಪಾಲು ಎಲ್ಲಿ ಅಂದಳಂತೆ ದುರ್ಗಿ.

ಹಾಗಂದು ಅವಳೇ ತನ್ನ ಪಾಲಿಂದ ಒಂದು ಬೊಗಸೆ ಮೀನು ತೆಗೆದು, ಇದು ಕಡಲಿನ ಪಾಲು ಅಂತ ಮರಳ ಮೇಲಿಟ್ಟಳಂತೆ. ಚಿಕ್ಕವನು ಇಟ್ಟ, ಅವನನ್ನ ನೋಡಿ ನಡುವಿನವನು ಇಟ್ಟ, ಆಮೇಲೆ ಎಲ್ಲರೂ ತನ್ನನ್ನೇ ನೋಡ್ತಿರೋದು ಕಂಡು ದೊಡ್ಡವನು ಬುಟ್ಟಿಯನ್ನೇ ಬೋರಲು ಹಾಕಿದನಂತೆ. ಹೆಚ್ಚು ಬಾಚಿದವನು ಹೆಚ್ಚು ಕೊಡಬೇಕು ಅಂತ ಅವತ್ತೇ ಕಟ್ಟಳೆಯಾಯ್ತು. ಕಾಂಡ್ಲಾ ಮತ್ತೆ ಎದ್ದಿತು, ಮೀನು ತಿರುಗಿ ಬಂತು, ದುರ್ಗಿಯ ಹೊಸಿಲು ಒಣಗಿತು. ಅಲ್ಲಿಗೆ ನಮ್ಮ ಕತೆಯೂ ದಡ ಸೇರ್ತು.

ಏ ಕೂಸೇ, ಈ ಕಂಬಳಿ ನಮ್ಮಿಬ್ಬರದೂ ಅಲ್ವಾ? ಅಜ್ಜಿಗೂ ಒಂಚೂರು ಬಿಡೇ...