ಸೀಟಿ ಊದೋವರೆಗೂ ಓಡಿದ ಗವಿರಂಗ

ಹೂಂ ಅನ್ನೋರು ಒಬ್ಬರಿದ್ದರೆ ಸಾಕು, ಹೇಳ್ತೀನಿ. ನಿದ್ದೆ ಬಂದೋರು ಎದ್ದು ಹೋಗಿ, ಕತೆಗೆ ಆಕಳಿಸಬೇಡಿ.

ಒಂದೂರಲ್ಲಿ ಓಬಕ್ಕ ಅಂತ ಒಬ್ಬಳಿದ್ದಳು. ಗಂಡ ಇರಲಿಲ್ಲ. ಹೈಸ್ಕೂಲು ಗೇಟಿನ ಎದುರು ತಳ್ಳೋ ಗಾಡಿ ಇಟ್ಟುಕೊಂಡು ಮೆಣಸಿನಕಾಯಿ ಬಜ್ಜಿ ಕರಿದು ಮಾರ್ತಿದ್ದಳು. ಅವಳಿಗೆ ಒಬ್ಬನೇ ಮಗ, ಗವಿರಂಗ. ಎಂಟನೇ ಕ್ಲಾಸು. ಮೀಸೆ ಚಿಗುರೋ ವಯಸ್ಸು. ಆಳು ಉದ್ದ, ಕಾಲು ಇನ್ನೂ ಉದ್ದ. ಬುದ್ಧಿ ಇಲ್ಲ ಅನ್ನೋ ಹಾಗಿಲ್ಲ, ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. "ಬಾಗಿಲು ನೋಡ್ತಿರು" ಅಂತ ಹೇಳಿ ಹೋದರೆ ಅವಳು ಬರೋವರೆಗೂ ಬಾಗಿಲನ್ನೇ ನೋಡ್ತಾ ಕೂತಿರ್ತಿದ್ದ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಕೋತಿ ಬಂದು ಅನ್ನ ತಿಂದು ಹೋಗಿರೋದು.

"ಇವನು ಹೊಟ್ಟೇಲಿದ್ದಾಗ ನಾನು ಏನು ತಿಂದಿದ್ದೆನೋ" ಅಂತ ಓಬಕ್ಕ ಹಣೆ ಹಣೆ ಬಡಕೊಳ್ಳೋಳು.

ಹೆಡ್‌ಮಾಸ್ಟರಿಗೂ ಸಾಕಾಗಿತ್ತು. "ಓಬಕ್ಕ, ಇವನಿಂದ ಇನ್ನೊಂದು ಎಡವಟ್ಟಾದರೆ ಟಿ.ಸಿ. ಕೊಟ್ಟುಬಿಡ್ತೀನಿ. ಕರಕೊಂಡು ಹೋಗಿ ನಾಲ್ಕು ಕುರಿ ಹಿಂದೆ ಬಿಡು" ಅಂದಿದ್ದರು.

ಓಬಕ್ಕ ಕೈ ಮುಗಿದಿದ್ದಳು. ಮಗ ನಾಲ್ಕು ಮಕ್ಕಳ ಜೊತೆ ಕೂತು ಎದ್ದರೆ ನಾಲ್ಕು ಮಾತು ಕಲೀತಾನೆ ಅನ್ನೋದೊಂದೇ ಅವಳ ಆಸೆ. ಕುರಿ ಜೊತೆ ಬಿಟ್ಟರೆ ಕುರಿ ಏನು ಹೇಳಿಕೊಡುತ್ತೆ?

ಆ ವರ್ಷ ಸ್ಕೂಲಲ್ಲಿ ಆರೋಗ್ಯದ ಕಾರ್ಯಕ್ರಮ ಅಂತ ಶುರುವಾಯಿತು. ಕೆಲವು ಮಕ್ಕಳು ಕುರುಕಲು ತಿಂದು ತಿಂದು, ಮೊಬೈಲು ನೋಡಿ ನೋಡಿ, ಒಂದು ಮಹಡಿ ಹತ್ತೋಕೆ ಏದುಸಿರು ಬಿಡ್ತಿದ್ದರು. ಇನ್ನು ಕೆಲವರು ಬೆಳಿಗ್ಗೆ ಏನೂ ತಿನ್ನದೆ ಬಂದು ಪ್ರಾರ್ಥನೆ ಹೊತ್ತಿಗೆ ತಲೆ ಸುತ್ತಿ ಬೀಳ್ತಿದ್ದರು. ಡ್ರಿಲ್ ಮೇಷ್ಟ್ರು ಬೋರೇಶಪ್ಪನವರಿಗೆ ಕೆಲಸ ವಹಿಸಿದರು. ಕೆಲಸ ಅಂದರೆ ಅವರಿಗೆ ಶ್ರದ್ಧೆ. ಮೊದಲನೇ ದಿನವೇ ಮಕ್ಕಳನ್ನ ಮರದ ಕೆಳಗೆ ಕೂರಿಸಿ ಹೇಳಿದರು:

"ಎಣ್ಣೇಲಿ ಕರಿದ ತಿಂಡಿಯಿಂದ ದೂರ ಇರಬೇಕು. ಎಷ್ಟು ದೂರ ಇದ್ದರೆ ಅಷ್ಟು ಒಳ್ಳೇದು."

"ಹೂಂ ಸಾರ್. ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಗವಿರಂಗ.

ಸಾಯಂಕಾಲ ಓಬಕ್ಕ ಮಗನನ್ನ ಕರೆದಳು. "ಕಡಲೆಹಿಟ್ಟು ಮುಗೀತು, ಅಂಗಡಿಗೆ ಹೋಗಿಬರ್ತೀನಿ. ಬಜ್ಜಿ ತಟ್ಟೇಲಿದೆ, ಸ್ವಲ್ಪ ನೋಡ್ಕೊ."

ವಾಪಸ್ ಬಂದು ನೋಡ್ತಾಳೆ, ಗಾಡಿ ಹತ್ತಿರ ಮಗ ಇಲ್ಲ. ಎರಡು ಮೇಕೆ ಮುಂಗಾಲು ಮೇಲಿಟ್ಟು ತಟ್ಟೆಗೆ ಬಾಯಿ ಹಾಕಿವೆ. ಮಗ ರಸ್ತೆ ಆಚೆ, ಮೈದಾನದ ಆ ಕೊನೇಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದಾನೆ. ನೋಡೋದು ಮಾತ್ರ ತಟ್ಟೆ ಕಡೆಗೇ ನೋಡ್ತಿದಾನೆ.

"ಅಲ್ಲಿ ಹೋಗಿ ಯಾಕೋ ನಿಂತೆ?"

"ಗೋಡೆ ಅಡ್ಡ ಬಂತು ಕಣವ್ವ. ಇಲ್ಲದಿದ್ರೆ ಇನ್ನೂ ದೂರ ಹೋಗ್ತಿದ್ದೆ."

ಓಬಕ್ಕ ಮೇಕೆ ಓಡಿಸಿ, ಉಳಿದ ಚೂರು ಬಳಿದು ಹಾಕಿ ಬೈದಳು. "ದೂರ ನಿಲ್ಲೋದಲ್ಲ ಕಣೋ. ಗಾಡಿ ಪಕ್ಕ ನಿಂತು ಬಾಯಿಬಿಟ್ಟು ಕರೀಬೇಕು. ಬನ್ನಿ ಬನ್ನಿ, ಬಿಸಿಬಿಸಿ ಇದೆ, ಒಂದು ತಿಂದೋರು ಇನ್ನೊಂದು ತಿನ್ನಿ, ಅನ್ನಬೇಕು."

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಆಸ್ಪತ್ರೆಯಿಂದ ನರ್ಸಮ್ಮ ಬಂದಿದ್ದರು. ಮಕ್ಕಳಿಗೆ ರಕ್ತ ಕಡಿಮೆ ಇದೆ ಅಂತ ಕಬ್ಬಿಣಾಂಶದ ಮಾತ್ರೆ ತಂದಿದ್ದರು. ಮೇಜಿನ ಮೇಲೆ ಮಾತ್ರೆ ತಟ್ಟೇಲಿ ಹರವಿತ್ತು. ಗವಿರಂಗ ತಟ್ಟೆ ಕಂಡ, ಪಕ್ಕ ಹೋಗಿ ನಿಂತ, ಬಾಯಿಬಿಟ್ಟ.

"ಬನ್ನಿ ಬನ್ನಿ, ಬಿಸಿಬಿಸಿ ಇದೆ, ಒಂದು ತಿಂದೋರು ಇನ್ನೊಂದು ತಿನ್ನಿ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದಿಬ್ಬರು ಇನ್ನೊಂದಕ್ಕೆ ಕೈ ಹಾಕೇ ಬಿಟ್ಟರು. ನರ್ಸಮ್ಮ ಗಾಬರಿಯಾಗಿ ತಟ್ಟೆ ಎತ್ತಿಕೊಂಡರು.

"ಏ ಹುಡುಗ, ಇದೇನು ಬಜ್ಜಿನಾ? ಕೊಟ್ಟಾಗ ಒಂದೇ ತಗೋಬೇಕು. ಅಗೀಬಾರದು, ಬಾಯಿಗೆ ಹಾಕ್ಕೊಂಡು ನೀರು ಕುಡಿದು ಹಂಗೇ ನುಂಗಬೇಕು. ತಿಳೀತಾ?"

"ಹೂಂ ನರ್ಸಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಮಧ್ಯಾಹ್ನ ಊಟದ ಜೊತೆ ಬೇಯಿಸಿದ ಮೊಟ್ಟೆ ಕೊಟ್ಟರು. ಒಂದೇ ಕೊಟ್ಟರು. ಗವಿರಂಗ ಬಾಯಿಗೆ ಹಾಕ್ಕೊಂಡ. ಅಗೀಲಿಲ್ಲ. ನೀರು ಕುಡಿದ. ಹಂಗೇ ನುಂಗೋಕೆ ಹೋದ.

ಕಣ್ಣು ಮೇಲೆ ಸಿಕ್ಕಿಕೊಂಡಿತು. ಬೋರೇಶಪ್ಪನವರು ಓಡಿ ಬಂದು, ಅವನನ್ನ ಬಗ್ಗಿಸಿ, ಬೆನ್ನಿಗೆ ಬಲವಾಗಿ ಗುದ್ದಿದರು. ಮೊಟ್ಟೆ ಪುಳಕ್ ಅಂತ ಹೊರಗೆ ಬಂತು. ಮೇಷ್ಟ್ರು ಅವನ ಬೆನ್ನು ಸವರಿದರು.

"ಮಗನೇ, ಸತ್ತೇ ಹೋಗ್ತಿದ್ದೆ. ಏನು ತಿಂದರೂ ನಿಧಾನ ಅಗೀಬೇಕು. ಬಾಯಲ್ಲಿ ನೀರಾಗೋ ಹಾಗೆ ಅಗೀಬೇಕು. ಆಮೇಲೆ ನುಂಗು."

"ಹೂಂ ಸಾರ್. ಇನ್ಮೇಲೆ ಹಂಗೇ ಮಾಡ್ತೀನಿ."

ಹೆಡ್‌ಮಾಸ್ಟರು ಕಿಟಕೀಲಿ ನೋಡ್ತಾ ನಿಂತಿದ್ದರು. ಹುಡುಗ ಉಳಿದನಲ್ಲ ಅಂತ ಅವತ್ತು ಟಿ.ಸಿ. ಬರೀಲಿಲ್ಲ. ಆದರೆ ಆರೋಗ್ಯದ ಕಾರ್ಯಕ್ರಮ ನಡೀತಿದೆ, ಗೇಟಿನ ಎದುರು ಕರಿದ ತಿಂಡಿ ಮಾರಬಾರದು ಅಂತ ಓಬಕ್ಕನಿಗೆ ಹೇಳಿ ಕಳಿಸಿದರು. ಓಬಕ್ಕ ಗಾಡಿ ತಳ್ಳಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಅಲ್ಲಿ ಆಗಲೇ ಇಬ್ಬರು ಬಜ್ಜಿ ಮಾರೋರು ಇದ್ದರು. ಬೋರೇಶಪ್ಪನವರು ಒಂದು ದಿನ ಆ ಕಡೆ ಬಂದಾಗ ಅಂದಳು:

"ನಿಮ್ಮ ಮಕ್ಕಳ ಹೊಟ್ಟೆ ಚೆನ್ನಾಗಾಯ್ತು ಮೇಷ್ಟ್ರೇ. ನನ್ನ ಹೊಟ್ಟೆ ಗತಿ?"

ಮೇಷ್ಟ್ರು, "ಕಡಲೆಕಾಳು ಉಸಲಿ ಮಾಡಿ ನೋಡು. ಕಡಲೇಕಾಯಿ ಬೇಯಿಸಿ ಇಡು. ಗೇಟಿನ ಹತ್ತಿರ ಜಾಗ ನಾನು ಕೊಡಿಸ್ತೀನಿ" ಅಂದರು. ಓಬಕ್ಕ ಅರೆಮನಸ್ಸಿಂದ ಉಸಲಿ ಮಾಡಿದಳು. ಕಾಯಿ, ಮಾವಿನಕಾಯಿ ತುರಿದು ಹಾಕಿದಳು. ಹೋಯಿತು. ಬಜ್ಜಿಯಷ್ಟು ಹೋಗಲಿಲ್ಲ, ಆದರೂ ಪಾತ್ರೆ ಬರಿದಾಯಿತು. ಬೆಳಿಗ್ಗೆ ಗೇಟಲ್ಲಿ ಉಸಲಿ, ಸಾಯಂಕಾಲ ಬಸ್‌ಸ್ಟ್ಯಾಂಡಲ್ಲಿ ಬಜ್ಜಿ ಅಂತ ಹಂಗೂ ಹಿಂಗೂ ದಿನ ಹೋಗ್ತಿತ್ತು.

ಈ ನಡುವೆ ಓಬಕ್ಕನ ಅಣ್ಣನ ಮನೆ ಗೃಹಪ್ರವೇಶ ಬಂತು. ಪಂಕ್ತಿ ಊಟ. ಮುದ್ದೆ, ಅವರೆಕಾಳು ಸಾರು. ಮುದ್ದೆ ಹೆಂಗೆ ಉಣ್ಣಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಮುರಿದು, ಸಾರಲ್ಲಿ ಅದ್ದಿ, ಗುಳುಂ ಅಂತ ನುಂಗೋದು. ಗವಿರಂಗ ಮುರಿದ, ಅದ್ದಿದ, ಬಾಯಿಗಿಟ್ಟ. ಅಗೀತಾ ಕೂತ.

ಅಗೀತಾನೆ, ಅಗೀತಾನೆ. ಹಲ್ಲಿಗೆಲ್ಲ ಮೆತ್ತಿಕೊಂಡಿದೆ. ಅಕ್ಕಪಕ್ಕದೋರು ಮುದ್ದೆ ಮುಗಿಸಿ, ಅನ್ನ ಮುಗಿಸಿ, ಮಜ್ಜಿಗೆ ಕುಡಿದು ಕೂತಿದಾರೆ. ಒಬ್ಬ ಉಣ್ಣುತಿರೋವಾಗ ಪಂಕ್ತಿ ಏಳೋ ಹಾಗಿಲ್ಲ. ಎರಡನೇ ಪಂಕ್ತಿಯೋರು ಬಾಗಿಲಲ್ಲಿ ಹಸಿದು ನಿಂತಿದಾರೆ. ಎಲ್ಲರ ಕಣ್ಣೂ ಗವಿರಂಗನ ದವಡೆ ಮೇಲೆ. ಒಬ್ಬ ಮುದುಕರು ಕೇಳಿದರು:

"ಏನಪ್ಪಾ, ಮುದ್ದೇಲಿ ಕಲ್ಲಿದೆಯಾ?"

"ಇಲ್ಲ ತಾತ. ಇನ್ನೂ ನೀರಾಗಿಲ್ಲ."

ಅಣ್ಣನ ಹೆಂಡತಿ ಮುಖ ಊದಿಸಿಕೊಂಡಳು. ಓಬಕ್ಕ ಮಗನ ರಟ್ಟೆ ಹಿಡಿದು ಹೊರಗೆ ಕರಕೊಂಡು ಬಂದಳು.

"ನಾಲ್ಕು ಜನರ ನಡುವೆ ಮಾನ ಕಳೆದೆಯಲ್ಲೋ. ಪಕ್ಕದೋರನ್ನ ನೋಡು. ಅವರು ಹೆಂಗೆ ಮಾಡ್ತಾರೋ ನೀನೂ ಹಂಗೇ ಮಾಡು. ಅವರು ಎದ್ದರೆ ಏಳು, ಅವರು ಕೂತರೆ ಕೂರು."

ಗವಿರಂಗ ತಲೆ ತಗ್ಗಿಸಿ ನಿಂತ. ಆಮೇಲೆ ಮೆತ್ತಗೆ ಕೇಳಿದ. "ಅವ್ವ, ಎಲ್ಲರೂ ಹೇಳಿದ್ದನ್ನೇ ನಾನು ಮಾಡ್ತೀನಿ. ಆದರೂ ಎಲ್ಲರೂ ಯಾಕೆ ಬೈತಾರೆ?"

ಓಬಕ್ಕ ಅವನ ಗಲ್ಲಕ್ಕೆ ಮೆತ್ತಿದ್ದ ಮುದ್ದೆ ಒರೆಸಿ, "ಪಕ್ಕದೋರನ್ನ ನೋಡು, ಅಷ್ಟೇ" ಅಂದಳು.

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಆ ವಾರ ಬೋರೇಶಪ್ಪನವರು ತಾಲ್ಲೂಕು ಮಟ್ಟದ ಗುಡ್ಡಗಾಡು ಓಟಕ್ಕೆ ಮಕ್ಕಳನ್ನ ಆರಿಸ್ತಿದ್ದರು. ಮೈದಾನದಲ್ಲಿ ಓಡಿಸಿದರು. ಗವಿರಂಗ ಓಡಿದ ನೋಡಿ, ಉದ್ದ ಕಾಲು, ನೆಲ ಮುಟ್ಟಿತೋ ಇಲ್ಲವೋ ಅನ್ನೋ ಹಾಗೆ. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಅರ್ಧಕ್ಕೆ ಬರೋ ಹೊತ್ತಿಗೆ ಪಕ್ಕದ ಹುಡುಗನಿಗೆ ಮೀನಖಂಡ ಹಿಡಕೊಂಡಿತು. ಅವನು ಅಯ್ಯೋ ಅಂತ ಕೂತ. ಗವಿರಂಗನೂ ಅಯ್ಯೋ ಅಂತ ಕೂತ. ಅವನು ಮಲಗಿ ಕಾಲು ಹಿಡಕೊಂಡ. ಗವಿರಂಗನೂ ಮಲಗಿ ಕಾಲು ಹಿಡಕೊಂಡ.

ಮೇಷ್ಟ್ರು ಬಂದು ಇಬ್ಬರ ಕಾಲೂ ತಿಕ್ಕಿದರು.

"ನಿನಗೆಲ್ಲಿ ನೋವು?"

"ನನಗೆ ನೋವಿಲ್ಲ ಸಾರ್. ಅವನಿಗೆ."

ಮೇಷ್ಟ್ರು ಕಾಲು ಕೆಳಗೆ ಬಿಟ್ಟರು. "ಪಕ್ಕ ನೋಡಬೇಡ. ಹಿಂದೆ ನೋಡಬೇಡ. ಯಾರು ಕರೆದರೂ ನಿಲ್ಲಬೇಡ. ಮುಂದೆ ನೋಡ್ಕೊಂಡು ಓಡು. ಸೀಟಿ ಊದಿದ ಮೇಲೆ ನಿಲ್ಲು."

"ಹೂಂ ಸಾರ್. ಇನ್ಮೇಲೆ ಹಂಗೇ ಮಾಡ್ತೀನಿ."

ಹೆಡ್‌ಮಾಸ್ಟರಿಗೆ ಅವನನ್ನ ಆರಿಸಿದ ವಿಷಯ ಗೊತ್ತಾಗಿ ಮೇಷ್ಟ್ರನ್ನ ಕರೆಸಿದರು. "ಅವನನ್ನ ತಾಲ್ಲೂಕಿಗೆ ಕರಕೊಂಡು ಹೋಗ್ತೀರಾ? ಅಲ್ಲೇನಾದರೂ ಎಡವಟ್ಟು ಮಾಡಿದರೆ ಸೋಮವಾರ ಟಿ.ಸಿ. ಬರೀತೀನಿ. ಆಮೇಲೆ ಕೇಳಬೇಡಿ."

"ಆಗಲಿ ಸಾರ್" ಅಂದರು ಬೋರೇಶಪ್ಪನವರು.

ಓಟದ ದಿನ ಓಬಕ್ಕ ಗಾಡಿ ಕಟ್ಟಿಟ್ಟು, ಮಗನಿಗೆ ರಾಗಿ ಗಂಜಿ ಕುಡಿಸಿ, ತಾನೂ ಜೊತೆಗೆ ಹೋದಳು. ದಾರಿಯುದ್ದಕ್ಕೂ ಗವಿಯಲ್ಲಿರೋ ರಂಗನಾಥನಿಗೆ ಮುಡಿಪು ಕಟ್ಟಿಕೊಂಡಳು. ಗೆಲ್ಲಿಸು ಅಂತಲ್ಲ, ಏನೂ ಎಡವಟ್ಟು ಮಾಡಿಸಬೇಡ ಅಂತ.

ಓಟ ಕೆರೆ ಏರಿ ಮೇಲೆ ಹೋಗಿ, ಗುಡ್ಡ ಬಳಸಿ, ರಸ್ತೇಲಿ ಮೈದಾನದ ಬಾಗಿಲಿಗೆ ಬಂದು ಮುಗೀಬೇಕು. ಅಲ್ಲಿ ರಸ್ತೆಗೆ ಅಡ್ಡ ಕೆಂಪು ಟೇಪು ಹಿಡಿದಿದ್ದರು. ಬೋರೇಶಪ್ಪನವರು ಸೀಟಿ ಬಾಯಲ್ಲಿಟ್ಟುಕೊಂಡು ಕಾದಿದ್ದರು. ಹೆಡ್‌ಮಾಸ್ಟರೂ ನೋಡೋಕೆ ಬಂದು ನಿಂತಿದ್ದರು. ದೂರದಲ್ಲಿ ಧೂಳು ಎದ್ದಿತು. ಧೂಳಿನ ಮುಂದೆ ಒಬ್ಬನೇ ಒಬ್ಬ ಹುಡುಗ. ಗವಿರಂಗ. ಅವನ ಹಿಂದೆ ಕಣ್ಣಿಗೆ ಕಾಣೋಷ್ಟು ದೂರ ಯಾರೂ ಇಲ್ಲ.

ಎದೆಗೆ ಟೇಪು ತಾಗಿ ಕಿತ್ತು ಬಂತು. ಜನ ಚಪ್ಪಾಳೆ ಹೊಡೆದರು. ಅವರ ಸ್ಕೂಲಿಂದ ಯಾರೂ ಯಾವತ್ತೂ ಮೊದಲು ಬಂದವರಿಲ್ಲ. ಬೋರೇಶಪ್ಪನವರು ಬಾಯಿ ತೆರೆದು ಕುಣಿದರು. ಬಾಯಿ ತೆರೆದರೆ ಸೀಟಿ ಅಲ್ಲಿ ನಿಲ್ಲುತ್ತಾ? ಕೆಳಗೆ ಬಿತ್ತು. ಮೇಷ್ಟ್ರು ಪಕ್ಕದಲ್ಲಿದ್ದ ಹೆಡ್‌ಮಾಸ್ಟರನ್ನ ತಬ್ಬಿಕೊಂಡರು. ಹೆಡ್‌ಮಾಸ್ಟರೂ ತಬ್ಬಿಕೊಂಡರು.

ಗವಿರಂಗ ಓಡ್ತಾನೇ ಇದ್ದ.

ಓಬಕ್ಕ ಮೊದಲು ನೋಡಿದವಳು. "ಮೇಷ್ಟ್ರೇ, ನನ್ನ ಮಗ ಎಲ್ಲಿಗೆ ಹೋಗ್ತಿದಾನೆ?"

"ನಿಲ್ಲೋ, ಗೆದ್ದೆ ಕಣೋ, ನಿಲ್ಲೋ" ಅಂತ ಮೇಷ್ಟ್ರು ಕೂಗಿದರು. ಯಾರು ಕರೆದರೂ ನಿಲ್ಲಬೇಡ ಅಂದೋರು ಅವರೇ ತಾನೇ? ಸೀಟಿ ಹುಡುಕಿ ಎತ್ತಿಕೊಂಡು ಹಿಂದೆ ಓಡಿದರು. ಅವರಿಗೂ ವಯಸ್ಸಾಗಿತ್ತು, ಮಕ್ಕಳನ್ನ ಓಡಿಸಿ ಓಡಿಸಿ ತಾವು ಓಡೋದು ಬಿಟ್ಟು ಬಹಳ ಕಾಲವಾಗಿತ್ತು. ಊದೋಕೆ ಹೋದರೆ ಗಾಳಿಯೇ ಬರಲಿಲ್ಲ, ಬರೀ ಎಂಜಲು ಬಂತು. ಅಷ್ಟರಲ್ಲಿ ಹುಡುಗ ತಿರುವು ದಾಟಿ ಮರೆಯಾಗಿದ್ದ.

ಎದೆಗೆ ಕೆಂಪು ಟೇಪು ಅಂಟಿಸಿಕೊಂಡು ಓಡಿದ, ಓಡಿದ. ತೋಟ ದಾಟಿದ, ಇಟ್ಟಿಗೆ ಗೂಡು ದಾಟಿದ. ಎದುರಿಗೆ ಒಂದು ಬಸ್ಸು ಬಂತು. ಹಳ್ಳಿ ಹತ್ತಿರ ಜನ ಇಳಿಯೋಕೆ ಕಂಡಕ್ಟರು ಪೀ ಅಂತ ಸೀಟಿ ಊದಿದ. ಬಸ್ಸು ನಿಂತಿತು. ಗವಿರಂಗನೂ ನಿಂತ. ಬಸ್ಸಿನ ಮುಂದೆ, ರಸ್ತೆ ನಡುವೆ, ಕಂಬದ ಹಾಗೆ.

ಜನ ಇಳಿದರು. ಕಂಡಕ್ಟರು ಪೀ ಪೀ ಅಂದ. ಡ್ರೈವರು ಹಾರನ್ ಹೊಡೆದ. ಹುಡುಗ ಅಲ್ಲಾಡಲಿಲ್ಲ. ಕಂಡಕ್ಟರು ಇನ್ನೂ ಜೋರಾಗಿ ಊದಿದ. ಹುಡುಗ ಇನ್ನೂ ಗಟ್ಟಿಯಾಗಿ ನಿಂತ. ಕೊನೆಗೆ ಕಂಡಕ್ಟರು ಇಳಿದು ಬಂದು ಮುಖ ನೋಡಿದ.

"ಬಜ್ಜಿ ಓಬಕ್ಕನ ಮಗ ಅಲ್ವೇನೋ ನೀನು? ಸರಕೊಳ್ಳೋ."

"ಸೀಟಿ ಊದ್ತಾನೇ ಇದೀರಲ್ಲಣ್ಣ. ಹೆಂಗೆ ಸರಕೊಳ್ಳಲಿ?"

ಕಂಡಕ್ಟರು ಡ್ರೈವರನ್ನ ಕರೆದ. ಡ್ರೈವರು ಒಂದು ಕಡೆ, ತಾನೊಂದು ಕಡೆ ಹಿಡಿದು, ಹುಡುಗನನ್ನ ಎತ್ತಿ ಬಸ್ಸಲ್ಲಿ ನಿಲ್ಲಿಸಿಕೊಂಡು ಹೊರಟ.

ಇತ್ತ ಮೈದಾನದಲ್ಲಿ ಬಹುಮಾನ ಕೊಡೋ ಹೊತ್ತು. ಗೆದ್ದವನಿಲ್ಲ, ತಾಯಿ ಬರಲಿ ಅಂತ ಓಬಕ್ಕನನ್ನ ವೇದಿಕೆಗೆ ಕರೆದು ಕಪ್ಪು ಕೊಡೋಕೆ ಬಂದರು. ಓಬಕ್ಕ ಕೈ ಚಾಚಲಿಲ್ಲ.

"ಕಪ್ಪು ಇಟ್ಟುಕೊಳ್ಳಿ ಸ್ವಾಮಿ. ನನಗೆ ನನ್ನ ಮಗನ್ನ ಕೊಡಿ" ಅಂತ ಅತ್ತಳು. ಕೆಳಗೆ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸ್ತಾ ನಿಂತಿದ್ದರು.

ಅಷ್ಟರಲ್ಲಿ ಬಸ್ಸು ಬಂತು. ಗವಿರಂಗ ಇಳಿದ. ಓಬಕ್ಕ ಕೈ ಎತ್ತಿಕೊಂಡೇ ಓಡಿ ಬಂದಳು, ಹೊಡೀಬೇಕು ಅಂತಲೇ. ನೋಡಿದರೆ ತುಟಿ ಒಣಗಿದೆ, ಮಂಡಿ ಗಡಗಡ ನಡುಗ್ತಿದೆ. ಎತ್ತಿದ ಕೈ ಸೆರಗು ಹಿಡಿದು ಅವನ ಮುಖ ಒರೆಸಿತು.

ಹೆಡ್‌ಮಾಸ್ಟರು ಹತ್ತಿರ ಬಂದರು. ಓಬಕ್ಕ ಮಗನನ್ನ ಬೆನ್ನ ಹಿಂದಕ್ಕೆ ಎಳಕೊಂಡಳು.

"ಸೋಮವಾರ..." ಅಂದರು ಅವರು. ಕನ್ನಡಕ ಹಾಕಿಕೊಂಡರು. "ಸೋಮವಾರ ಬೇಗ ಕಳಿಸಮ್ಮ. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಕಪ್ಪು ಕೊಡ್ತೀನಿ. ಟಿ.ಸಿ. ಮಾತು ಮರೆತುಬಿಡು."

ಓಬಕ್ಕ ಮಗನ ಭುಜ ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಸಿದಳು.

"ಕೂತ್ಕೊ ಮಗ. ಮೊದಲು ಉಸಿರು ತಗೋ."

"ಹೂಂ ಕಣವ್ವ" ಅಂದ ಗವಿರಂಗ. ತಗೊಂಡ.

ಬೋರೇಶಪ್ಪನವರು ಏದುಸಿರು ಬಿಡ್ತಾ ಬಂದರು. ಜನ ಸುತ್ತ ಸೇರಿದರು. ಒಬ್ಬರು ಬೆನ್ನು ತಟ್ಟಿದರು, ಒಬ್ಬರು ನಿಂಬೆಹಣ್ಣಿನ ಪಾನಕ ತಂದರು. ಹುಡುಗ ಲೋಟ ಮುಟ್ಟಲಿಲ್ಲ. ಮಾತಾಡಲಿಲ್ಲ. ಎದೆ ಉಬ್ಬಿಸಿಕೊಂಡು, ಕೆನ್ನೆ ಊದಿಸಿಕೊಂಡು, ಅವ್ವನ ಮುಖವನ್ನೇ ನೋಡ್ತಾ ಕೂತ. ಮುಖ ಕೆಂಪಾಯಿತು. ಕಣ್ಣು ಗುಡ್ಡೆ ಹೊರಗೆ ಬಂತು.

"ಏನಾಯ್ತೋ ಇವನಿಗೆ?" ಅಂದರು ಮೇಷ್ಟ್ರು.

ಓಬಕ್ಕ ಮಗನ ಕೆನ್ನೆ ನೋಡಿದಳು. ಅವಳಿಗೆ ತಿಳಿದುಹೋಯಿತು. ತಗೋ ಅಂತ ಹೇಳಿದ್ದಳು, ಬಿಡು ಅಂತ ಯಾರೂ ಹೇಳಿರಲಿಲ್ಲ.

"ಬಿಡೋ" ಅಂದಳು.

ಬಿಟ್ಟ.