ಅತ್ತೆಗೆ ನಿದ್ದೆ ತಂದ ಸಾಕಿ

ಮಗ್ಗುಲಿಗೆ ಬಾ ಪುಟ್ಟಿ. ಕಾಲು ಆಡಿಸ್ಬೇಡ, ಕಂಬಳಿ ಜಾರುತ್ತೆ. ಹ್ಞಾಂ, ಹಂಗೆ. ಈಗ ಕೇಳು.

ಒಂದಾನೊಂದು ಕಾಲದಲ್ಲಿ, ಹಿಟ್ಟಿನ ಮಿಲ್ಲು ಅನ್ನೋದನ್ನ ಯಾರೂ ಕನಸಲ್ಲೂ ಕಾಣದೆ ಇದ್ದ ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಗರಗರನಹಳ್ಳಿ ಅಂತ ಒಂದು ಊರಿತ್ತಂತೆ. ನಗಬೇಡ, ಊರಿನ ಹೆಸರೇ ಹಂಗೆ. ಯಾಕೆ ಅಂದ್ರೆ, ಕೋಳಿ ಕೂಗೋಕೆ ಮುಂಚೆ ಆ ಊರಲ್ಲಿ ಮನೆಮನೇಲೂ ಸೊಸೆಯಂದಿರು ಎದ್ದು, ರಾಗಿಕಲ್ಲಿನ ಮುಂದೆ ಕೂತ್ಕೊಂಡು, ಪದ ಹೇಳ್ತಾ ಗರಗರ ಗರಗರ ಅಂತ ಬೀಸ್ತಿದ್ರಂತೆ. ಪದ ಹೇಳದೆ ಬೀಸಿದ ಹಿಟ್ಟು ತಿಂದ್ರೆ ಹೊಟ್ಟೆ ನೋಯುತ್ತೆ ಅಂತ ಊರೋರ ನಂಬಿಕೆ. ಸೊಸೆಯಂದಿರು ಬೀಸ್ತಿದ್ರು, ಸರಿ, ಅತ್ತೆಯಂದಿರು ಏನ್ಮಾಡ್ತಿದ್ರು? ಕಂಬಳಿ ಹೊದ್ಕೊಂಡು, ಕಣ್ಣು ಮುಚ್ಕೊಂಡು, ಕಿವಿ ಮಾತ್ರ ತೆರ್ಕೊಂಡು, ಕಲ್ಲಿನ ಸದ್ದು ಕೇಳ್ತಾ ಬಿದ್ಕೊಂಡಿರ್ತಿದ್ರಂತೆ. ಯಾವ ಮನೆ ಕಲ್ಲು ಮೂರು ಬೆಳಗ್ಗೆ ಸುಮ್ಮನಾಗುತ್ತೋ ಆ ಮನೆ ಸೊಸೆ ತವರಿಗೆ ನಡೀಬೇಕು. ಆದ್ರೆ ಅತ್ತೇನೇ ಪಂಚಾಯ್ತಿಗೆ ಬಂದು, ಕಲ್ಲು ನಿಂತಿದ್ದನ್ನ ನಾನೇ ಎಚ್ಚರವಾಗಿದ್ದು ಕೇಳಿದೀನಿ ಅಂತ ಪ್ರಮಾಣ ಮಾಡಬೇಕು. ಅದು ಆ ಊರಿನ ಕಟ್ಟಳೆ. ಎಂಥ ದರಿದ್ರ ಕಟ್ಟಳೆ ನೋಡು!

ಆ ಊರಿಗೆ ಸಾಕಿ ಅಂತ ಒಬ್ಳು ಸೊಸೆಯಾಗಿ ಬಂದ್ಳಂತೆ. ಅವಳಪ್ಪನಿಗೆ ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿ, ಇವಳು ಹುಟ್ಟಿದಾಗ ಸಾಕಪ್ಪಾ ಸಾಕು ಅಂತ ಸಾಕಮ್ಮ ಅಂತಲೇ ಹೆಸರಿಟ್ಟಿದ್ನಂತೆ. ಅಂಥ ತವರಿಗೆ ವಾಪಸ್ ಹೋದ್ರೆ ಬಾಗಿಲು ತೆಗಿಯೋರು ಯಾರು? ಜೊತೆಗೆ ಗಂಡ ಹೊನ್ನಯ್ಯ ಅಂದ್ರೆ ಅವಳಿಗೆ ಪ್ರಾಣ. ಅವನು ಮಾತಾಡೋದೇ ಕಮ್ಮಿ, ಏನಂದ್ರೂ ಆಗ್ಲಿ ಅನ್ನೋನು, ಆದ್ರೆ ಉಳಿ ಹಿಡಿದು ಮರದ ಮುಂದೆ ಕೂತ ಅಂದ್ರೆ ಏನು ಬೇಕಾದ್ರೂ ಮಾಡೋನು. ಅತ್ತೆ ದೊಡ್ಡತಾಯಮ್ಮ ಮಾತ್ರ ಸದಾ ಉರಿಮುಖ. ಕಣ್ಣು ಕೆಂಪಗೆ, ಮೂಗಿನ ತುದೀಲೇ ಸಿಟ್ಟು.

ಬಂದ ವಾರದಲ್ಲೇ ಸಾಕಿ ಕೇಳಿದ್ಳಂತೆ, ಅತ್ತೆ, ಗಾಣ ತಿರುಗಿಸೋಕೆ ಎತ್ತಿದೆ, ಗಾಡಿ ಎಳೆಯೋಕೆ ಎತ್ತಿದೆ, ಈ ಕಲ್ಲು ತಿರುಗಿಸೋಕೆ ಮಾತ್ರ ನಾನೇ ಯಾಕೆ ಅಂತ. ದೊಡ್ಡತಾಯಮ್ಮ, ಎತ್ತಿಗೆ ಪದ ಹೇಳೋಕೆ ಬರುತ್ತೇನೇ ಅಂದ್ಳಂತೆ. ಪದ ನಾನು ಹೇಳ್ತೀನಿ, ಅದು ತಿರುಗಿಸ್ಲಿ ಅಂದ್ಳಂತೆ ಇವಳು. ಅತ್ತೆ ಮುಖ ನೋಡ್ಬೇಕಿತ್ತು ನೀನು.

ಎತ್ತು ಕೊಡಲಿಲ್ಲ. ಆಮೇಲೆ ಸಾಕಿ ಏನ್ಮಾಡಿದ್ಳು, ಕಲ್ಲಿನ ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದೀನ ಮನೆ ಮೇಕೆಗೆ ಕಟ್ಟಿ, ಪಕ್ಕದಲ್ಲಿ ಕೂತು ಪದ ಶುರು ಮಾಡಿದ್ಳಂತೆ. ಮೇಕೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಆಮೇಲೆ ರಾಗಿ ಕಣ್ಣಿಗೆ ಬಿತ್ತು ನೋಡು, ರಾಗೀನೂ ತಿಂತು, ಹಗ್ಗಾನೂ ತಿಂತು, ಸಾಕಿಯ ಸೆರಗಿಗೂ ಬಾಯಿ ಹಾಕ್ತಂತೆ. ಕಲ್ಲು ನಿಂತೇಹೋಯ್ತು. ಒಳಗಿಂದ ದೊಡ್ಡತಾಯಮ್ಮ, ಒಂದು! ಅಂದ್ಳಂತೆ.

ಆಮೇಲೆ ಸಾಕಿ ಕಲ್ಲನ್ನ ಅಂಗಳಕ್ಕೆ ತರಿಸಿ, ಅದರ ಮೇಲೆ ಬಿದಿರಿನ ಗಳ ನೆಟ್ಟು, ಗಳಕ್ಕೆ ಸುತ್ತಲೂ ಮೊರ ಕಟ್ಟಿದ್ಳಂತೆ. ಗಾಳಿ ಬಂದು ಮೊರ ತಳ್ಳುತ್ತೆ, ಕಲ್ಲು ತಿರುಗುತ್ತೆ ಅಂತ ಲೆಕ್ಕ. ಬಂತಪ್ಪಾ ಗಾಳಿ, ಬೆಟ್ಟದ ಮೇಲಿಂದ! ಕಲ್ಲು ಹುಚ್ಚು ಹಿಡಿದಂಗೆ ತಿರುಗಿ, ಹಿಟ್ಟೆಲ್ಲ ಹಾರಿ, ಊರೆಲ್ಲ ಹಿಟ್ಟಾಯ್ತಂತೆ. ಜಗಲಿ ಮೇಲೆ ಮಲಗಿದ್ದ ಗೌಡರ ಕರೀ ಮೀಸೆ ಬೂದಿಬಣ್ಣಕ್ಕೆ ತಿರುಗಿ, ಗೌಡತಿ ಬಾಗಿಲು ತೆಗೆದು, ಇದ್ಯಾವ ಮುದುಕ ನಮ್ಮನೇಲಿ ಬಂದು ಮಲಗಿರೋದು ಅಂತ ಪೊರಕೆ ತಗೊಂಡ್ಳಂತೆ. ಅಷ್ಟ್ರಲ್ಲಿ ಗಾಳಿ ನಿಲ್ತು, ಕಲ್ಲೂ ನಿಲ್ತು. ದೊಡ್ಡತಾಯಮ್ಮ, ಎರಡು! ಅಂದ್ಳಂತೆ.

ಅಳಬೇಕಲ್ಲ ಪಾಪ. ಇನ್ನೊಂದು ಸಲ ಕಲ್ಲು ನಿಂತ್ರೆ ಗಂಡನ್ನ ಬಿಟ್ಟು, ಮನೆ ಬಿಟ್ಟು ಹೋಗಬೇಕು. ಹಿಟ್ಟು ಮೆತ್ತಿದ ಮೊರಗಳನ್ನೆಲ್ಲ ಹೊತ್ಕೊಂಡು ಊರಾಚೆ ಹಳ್ಳಕ್ಕೆ ಹೋಗಿ, ಅಳ್ತಾ ಅಳ್ತಾ ತೊಳೀತಿದ್ಳಂತೆ. ಕೈ ಜಾರಿ ಒಂದು ಮೊರ ನೀರು ಧುಮುಕೋ ಜಾಗಕ್ಕೆ ಹೋಗಿ ಸಿಕ್ಕಿಹಾಕ್ಕೊಂಡು ಗಿರಗಿರ ತಿರುಗೋಕೆ ಹಿಡೀತಂತೆ. ಸಾಕಿ ಮೂಗೊರೆಸ್ಕೊಂಡು ನೋಡಿದ್ಳು. ಮೇಕೆಗೆ ಹಸಿವಾಗುತ್ತೆ, ಗಾಳಿಗೆ ಮನಸ್ಸು ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ, ಈ ಹಳ್ಳ ಮಾತ್ರ ಹೆಂಗೂ ಹರೀತಾನೇ ಇರುತ್ತಲ್ಲ ಅಂದ್ಕೊಂಡ್ಳಂತೆ. ಅಷ್ಟೇ ಪುಟ್ಟಿ. ದೊಡ್ಡ ದೊಡ್ಡ ಯೋಚನೆ ಎಲ್ಲಾ ಹಿಂಗೇ ಮೂಗೊರೆಸ್ಕೊಳ್ಳೋ ಹೊತ್ತಿಗೇ ಬರೋದು.

ಓಡಿಬಂದು ಗಂಡನಿಗೆ ಹೇಳಿದ್ಳು. ಅವನು ಆಗ್ಲಿ ಅಂದ. ಹಲಗೆ ಕೂರಿಸಿ ಒಂದು ಚಕ್ರ ಮಾಡಿದ, ಚಕ್ರದ ನಡುವೆ ಒನಕೆ ನಿಲ್ಲಿಸಿದ, ಒನಕೆ ತುದಿಗೆ ಮೇಲಿನ ಕಲ್ಲು ಕೂರಿಸಿದ. ಚಕ್ರ ನೀರಲ್ಲಿ, ಕಲ್ಲು ಮೇಲೆ. ಊರೋರೆಲ್ಲ ದಂಡೇಲಿ ನಿಂತು, ಇವಳು ರಾಗಿಗೆ ಸ್ನಾನ ಮಾಡಿಸ್ತಾಳೆ ಕಣ್ರೋ ಅಂತ ನಕ್ರಂತೆ. ಗೌಡತಿ ಒಬ್ಳು ನಗಲಿಲ್ಲ. ಅವಳಿಗೆ ಸೊಸೆ ಬಂದಿರಲಿಲ್ಲ, ತಾನೇ ಬೀಸಿ ಬೀಸಿ ತೋಳು ಬಿದ್ದುಹೋಗಿತ್ತು. ಸೆರಗಿನ ಮರೇಲಿ ಒಂದು ಬುಟ್ಟಿ ರಾಗಿ ತಂದು, ಇದನ್ನೂ ಹಾಕ್ಕೊಳ್ಳೇ, ಯಾರಿಗೂ ಹೇಳ್ಬೇಡ ಅಂದ್ಳಂತೆ.

ಆಮೇಲೆ, ಮೂರನೇ ಬೆಳಗ್ಗೆ. ಕಲ್ಲು ಹಳ್ಳದಲ್ಲಿ ಗರಗರ ಅಂತಿದೆ, ಮನೇಲಿ ಮಾತ್ರ ಸದ್ದೇ ಇಲ್ಲ. ಗೌಡತಿ ಕತ್ತಲಲ್ಲೇ ಬಂದು ಹಿಟ್ಟು ಹೊತ್ಕೊಂಡು ಹೋದ್ಳು. ಪಕ್ಕದ್ಮನೆ ಅತ್ತೆ ಚೆನ್ನಮ್ಮ ಎದ್ದವಳೇ, ದೊಡ್ಡತಾಯಮ್ಮನ ಮನೆ ಕಲ್ಲು ಮೂರನೇ ಸಲ ನಿಂತಿದೆ ಅಂತ ಬೀದಿಬೀದಿ ಸಾರಿಬಿಟ್ಳಂತೆ. ಅರಳಿಕಟ್ಟೇಲಿ ಪಂಚಾಯ್ತಿ ಸೇರ್ತು. ಸಾಕಿ ಬಟ್ಟೆ ಗಂಟು ಹಿಡ್ಕೊಂಡು ನಿಂತಿದ್ಳು, ಹೊನ್ನಯ್ಯ ಪಕ್ಕದಲ್ಲಿ ಇನ್ನೊಂದು ಗಂಟು ಹಿಡ್ಕೊಂಡು ನಿಂತಿದ್ದ. ನೀನ್ಯಾಕೋ ಅಂದ್ರೆ, ಅವಳು ಹೋದ್ರೆ ನಾನೂ ಹೋಗ್ತೀನಿ ಅಂದ್ನಂತೆ. ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಗೌಡರು ಮೀಸೆ ಒರೆಸ್ಕೊಂಡು ಕೇಳಿದ್ರಂತೆ, ಹಳ್ಳದಲ್ಲಿ ಬೀಸುವಾಗ ಪದ ಹೇಳಿದ್ಯೇನಮ್ಮ? ಒಂದು ಶುರು ಮಾಡಿದ್ದೆ ಗೌಡ್ರೆ, ನಡುವೆ ನಿದ್ದೆ ಬಂದ್ಬಿಡ್ತು ಅಂದ್ಳಂತೆ ಸಾಕಿ. ಶಿವಶಿವಾ, ಪದ ಇಲ್ಲದ ಹಿಟ್ಟು, ತಿಂದೋರ ಗತಿಯೇನು ಅಂತ ಗೌಡರು ಎದ್ದು ನಿಂತ್ರಂತೆ. ಆಗ ಹಿಂದಿನಿಂದ ಗೌಡತಿ, ನಿಮ್ಮ ಗತೀನೇ, ಬೆಳಗ್ಗೆ ನೀವು ಕೇಳಿ ಕೇಳಿ ಮೂರು ಮುದ್ದೆ ತಿಂದ್ರಲ್ಲ ಅದೇ ಹಿಟ್ಟು ಅಂದ್ಳಂತೆ. ಪಂಚಾಯ್ತಿಗೆ ಪಂಚಾಯ್ತಿಯೇ ಉಸಿರು ಬಿಗಿಹಿಡಿದು ಗೌಡರ ಹೊಟ್ಟೆ ನೋಡ್ತಾ ಕೂತಿತ್ತಂತೆ. ಬಹಳ ಹೊತ್ತಾದ ಮೇಲೆ ಹೊಟ್ಟೆಯಿಂದ ಒಂದು ತೇಗು ಬಂತು. ಅಷ್ಟೇ.

ಆದ್ರೂ ಕಟ್ಟಳೆ ಕಟ್ಟಳೆಯೇ, ದೊಡ್ಡತಾಯಮ್ಮನ್ನ ಕರೀರಿ ಅಂದ್ರು. ಅವಳು ಬಂದ್ಳು. ತಲೆ ಕೆದರಿದೆ, ಕೆನ್ನೆ ಮೇಲೆ ಚಾಪೆಯ ಗೆರೆ. ಕಲ್ಲು ನಿಂತಿದ್ದನ್ನ ಎಚ್ಚರವಾಗಿದ್ದು ಕೇಳಿದ್ಯಾ, ಪ್ರಮಾಣ ಮಾಡು ಅಂದ್ರೆ ದೊಡ್ಡತಾಯಮ್ಮ ನೆಲ ನೋಡಿದ್ಳು, ಮುಗಿಲು ನೋಡಿದ್ಳು, ಆಮೇಲೆ, ನಂಗೊತ್ತಿಲ್ಲ ಗೌಡ್ರೆ, ಸದ್ದಿಲ್ಲ ಅಂತ ಕಣ್ಣು ಹತ್ತಿಬಿಡ್ತು, ಈಗ ಇವರು ಬಾಗಿಲು ಬಡಿದಾಗಲೇ ಎಚ್ಚರ ಆಗಿದ್ದು ಅಂದ್ಳಂತೆ.

ಊರಿನ ಅತ್ತೆಯಂದಿರೆಲ್ಲ ಬಾಯಿ ಬಿಟ್ರಂತೆ. ಹೊತ್ತು ಹುಟ್ಟೋವರೆಗೂ ಮಲಗಿದ್ಯಾ? ಅಯ್ಯೋ, ಹೆಂಗಿತ್ತೇ? ಚೆನ್ನಮ್ಮನಂತೂ ಗೌಡರನ್ನ ಪಕ್ಕಕ್ಕೆ ತಳ್ಳಿ ಮುಂದೆ ಬಂದ್ಳಂತೆ. ಯಾಕೆ ಅಂದ್ರೆ ಪುಟ್ಟಿ, ಅವರೆಲ್ಲ ಸೊಸೆಯಾಗಿದ್ದಾಗ ಬೀಸ್ತಾ ನಿದ್ದೆಗೆಟ್ಟೋರು, ಅತ್ತೆಯಾದ ಮೇಲೆ ಕೇಳ್ತಾ ನಿದ್ದೆಗೆಟ್ಟೋರು. ದೊಡ್ಡತಾಯಮ್ಮ ನಾಚ್ಕೊಂಡು, ಬೆಲ್ಲ ತಿಂದಂಗಿತ್ತು ಕಣ್ರೇ ಅಂದ್ಳಂತೆ. ಮಾರನೇ ದಿನ ನೋಡು, ರಾಗಿ ಬುಟ್ಟಿ ಹೊತ್ಕೊಂಡು ಹಳ್ಳದ ದಂಡೇಲಿ ಸಾಲಾಗಿ ನಿಂತಿದ್ದೋರೆಲ್ಲ ಅತ್ತೆಯಂದಿರೇ! ನಾನು ಮುಂದೆ ನೀನು ಮುಂದೆ ಅಂತ ಜಗಳ ಬೇರೆ. ಕಟ್ಟಳೆ ಏನಾಯ್ತು ಅಂತ ಒಬ್ರಿಗೂ ನೆನಪಿಲ್ಲ.

ಅವತ್ತು ದೊಡ್ಡತಾಯಮ್ಮ ಸೊಸೆ ಕೈ ಬಿಡಿಸಿ ನೋಡಿದ್ಳಂತೆ, ತುಂಬಾ ಬೊಬ್ಬೆ. ನನ್ನ ಕೈಯೂ ಹಿಂಗೇ ಇತ್ತು ಕಣೇ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ಳಂತೆ. ನಾನು ಬೀಸ್ತಿದ್ದಾಗಲೂ ಈ ಹಳ್ಳ ಇಲ್ಲೇ ಹರೀತಿತ್ತಲ್ಲೇ ಸಾಕಿ, ದಿನಾ ಇಲ್ಲೇ ನೀರಿಗೆ ಬರ್ತಿದ್ದೆ, ನಂಗ್ಯಾಕೆ ಹೊಳೀಲಿಲ್ಲ? ಸಾಕಿ ಅತ್ತೆ ಕಣ್ಣೊರೆಸಿ, ನಿದ್ದೆ ಇಲ್ಲದ ತಲೆಗೆ ಏನು ತಾನೇ ಹೊಳೀಬೇಕು ಹೇಳಿ, ಈಗ ಮಲಗೆದ್ದಿದೀರಲ್ಲ, ಇನ್ನೇನೇನು ಹೊಳೆಯುತ್ತೋ ನೋಡೋಣ ಅಂದ್ಳಂತೆ. ಹೊಳೀದೆ ಇರುತ್ತಾ? ಆ ಮಳೆಗಾಲಕ್ಕೆ ಮುಂಚೇನೇ ದೊಡ್ಡತಾಯಮ್ಮ, ಭತ್ತ ಕುಟ್ಟೋಕೂ ಈ ನೀರನ್ನೇ ಹಚ್ಚೋಣ ಕಣೇ ಅಂತ ತಾನೇ ಹೊನ್ನಯ್ಯನ ಕೈಗೆ ಉಳಿ ಕೊಟ್ಳಂತೆ, ಅವನು ಆಗ್ಲಿ ಅಂದ್ನಂತೆ.

ಅವರಲ್ಲಿ ಸುಖವಾಗಿ ಮಲಗಿದ್ರು, ನಾವಿಲ್ಲಿ ಮಲಗೋಣ, ಕತೆಯೂ ಮಲಗ್ಲಿ, ಮುಗೀತು.